ಕಡಲ ಕೆಸರಿನ ಬ್ಯಾಕ್ಟೀರಿಯಾ ಹೊಸದೋ ಹಳೆಯದೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಕಡಲತೀರದ ಕೆಸರಿನಿಂದ ಒಂದು ಹಳದಿ ಬಣ್ಣದ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೇನೆ. ಅದರ 16ಎಸ್ ಜೀನ್ (ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನ್) ಸೀಕ್ವೆನ್ಸ್ ಮಾಡಿಸಿ ಹೋಲಿಸಿ ನೋಡಿದರೆ ಅತಿ ಹತ್ತಿರದ ಪ್ರಭೇದದ ಜೊತೆ ಶೇ 97.9 ಹೋಲಿಕೆ ಬಂತು. ಇದು ಹೊಸ ಪ್ರಭೇದ ಅಂತ ಹೇಳಬಹುದಾ?

ಉತ್ತರ: ಹೊಸದಿರಬಹುದು. ಆ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಈಗಲೇ ಹೇಳಬೇಡಿ. ನಿಮ್ಮ ಕೈಯಲ್ಲಿರುವುದು ಸದ್ಯಕ್ಕೆ ಒಂದು ಅಂಕಿ ಮಾತ್ರ, ಆ ಅಂಕಿ ಯಾವುದರ ಜೊತೆ ಹೋಲಿಸಿದಾಗ ಬಂದದ್ದು ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ಮೂರು ವಿಷಯ ನೋಡಿಕೊಳ್ಳಿ. ಒಂದು, ಸೀಕ್ವೆನ್ಸ್ ಎಷ್ಟು ಉದ್ದ ಇದೆ? 16ಎಸ್ ಜೀನ್ ಸುಮಾರು 1,500 ಬೇಸ್, ಅಂದರೆ ಡಿಎನ್‌ಎ ಅಕ್ಷರ, ಉದ್ದದ್ದು. ಒಂದೇ ಕಡೆಯಿಂದ ಓದಿಸಿದರೆ 700–800 ಬೇಸ್ ಸಿಗುತ್ತದೆ, ಅಷ್ಟರಲ್ಲಿ ಬಂದ ಶೇಕಡಾವಾರು ಪೂರ್ತಿ ಜೀನ್‌ಗೆ ಹೊಂದುತ್ತದೆ ಅಂತ ನಂಬುವ ಹಾಗಿಲ್ಲ. ಎರಡೂ ತುದಿಯಿಂದ ಓದಿಸಿ, ಜೋಡಿಸಿ, ಆಮೇಲೆ ಹೋಲಿಸಿ. ಎರಡು, ಯಾವ ಡೇಟಾಬೇಸ್‌ನಲ್ಲಿ ಹುಡುಕಿದಿರಿ? ಬ್ಲಾಸ್ಟ್ ಅನ್ನುವ ಸೀಕ್ವೆನ್ಸ್ ಹುಡುಕುವ ಸಾಧನದಲ್ಲಿ ಸುಮ್ನೆ ಹಾಕಿದರೆ ಮೇಲೆ ಬರುವ ಎಷ್ಟೋ ಸಾಲುಗಳಿಗೆ ಸರಿಯಾದ ಹೆಸರೇ ಇರುವುದಿಲ್ಲ. ಬೇರೆಯವರು ಎಲ್ಲೋ ಮಣ್ಣಿನಿಂದ, ನೀರಿನಿಂದ ತೆಗೆದ ಅನಾಮಿಕ ಡಿಎನ್‌ಎ ಅದು, ಕೆಲವಕ್ಕೆ ತಪ್ಪು ಹೆಸರು ಕೂಡ ಅಂಟಿರುತ್ತದೆ. ನೀವು ಹೋಲಿಸಬೇಕಾದ್ದು ಟೈಪ್ ಸ್ಟ್ರೇನ್‌ಗಳ ಜೊತೆ, ಅಂದರೆ ಒಂದೊಂದು ಪ್ರಭೇದದ ಹೆಸರಿಗೂ ಅಧಿಕೃತ ಮಾದರಿಯಾಗಿ ಇಟ್ಟಿರುವ ತಳಿಯ ಜೊತೆ. ಇಝಡ್‌ಬಯೋಕ್ಲೌಡ್ ಥರದ ಡೇಟಾಬೇಸ್ ಇದಕ್ಕಾಗಿಯೇ ಇದೆ. ಮೂರು, ನಿಮ್ಮ ಕಾಲೊನಿ ಶುದ್ಧವಾಗಿದೆಯಾ? ಕಡಲ ಕೆಸರಿನಿಂದ ಬಂದವು ಒಂದಕ್ಕೊಂದು ಅಂಟಿಕೊಂಡು ಬೆಳೆಯುವುದು ಜಾಸ್ತಿ. ನೋಡಲು ಒಂದೇ ಕಾಲೊನಿ, ಒಳಗೆ ಎರಡು ಜಾತಿ. ಸೀಕ್ವೆನ್ಸ್‌ನ ಗ್ರಾಫ್ ತೆಗೆದು ನೋಡಿ, ಒಂದೇ ಜಾಗದಲ್ಲಿ ಎರಡೆರಡು ಶಿಖರಗಳು ಕಂಡರೆ ಮತ್ತೆ ಮತ್ತೆ ಪ್ಲೇಟ್ ಮೇಲೆ ಗೆರೆ ಎಳೆದು ಹರಡಿ ಒಂಟಿ ಕಾಲೊನಿ ಹಿಡಿಯಬೇಕು. ಶುದ್ಧವಾದದ್ದು ಸಿಕ್ಕ ದಿನವೇ ಗ್ಲಿಸರಾಲ್‌ನಲ್ಲಿ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಎತ್ತಿಡಿ. ಪ್ಲೇಟ್‌ನಿಂದ ಪ್ಲೇಟ್‌ಗೆ ದಾಟಿಸುತ್ತಾ ಹೋದರೆ ಕೆಲವು ತಳಿಗಳು ಒಂದು ದಿನ ಬೆಳೆಯುವುದನ್ನೇ ನಿಲ್ಲಿಸುತ್ತವೆ, ಆಮೇಲೆ ಎಷ್ಟು ಹುಡುಕಿದರೂ ಅದೇ ತಳಿ ಮತ್ತೆ ಸಿಗುವ ಭರವಸೆ ಇಲ್ಲ.

ಈಗ ಅಂಕಿಗೆ ಬರೋಣ. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿಯೇ ಆರ್ಕಿಯಾ ಅನ್ನುವ ಇಡೀ ಗುಂಪು ಬ್ಯಾಕ್ಟೀರಿಯಾದಿಂದ ಬೇರೆ ಅಂತ ತೋರಿಸಿದರು. ಅಲ್ಲಿಂದ ಮುಂದೆ ಈ ಜೀನ್ ಎಲ್ಲರ ಕೈಗೂ ಬಂತು. 1994ರಲ್ಲಿ ಶೇ 97ಕ್ಕಿಂತ ಕಡಿಮೆ ಹೋಲಿಕೆ ಇದ್ದರೆ ಬೇರೆ ಪ್ರಭೇದ ಅನ್ನಬಹುದು ಎಂಬ ಸಲಹೆ ಬಂತು. 2006ರಲ್ಲಿ ಆ ಗೆರೆಯನ್ನು ಶೇ 98.7ರ ಆಸುಪಾಸಿಗೆ ಏರಿಸಿದರು, ಈಗಲೂ ಅಲ್ಲೇ ಇದೆ. ನಿಮ್ಮ 97.9 ಆ ಗೆರೆಯ ಕೆಳಗಿದೆ, ಅದಕ್ಕೇ ಸಾಧ್ಯತೆ ಚೆನ್ನಾಗಿದೆ ಅಂದದ್ದು.

ಆದರೆ ಈ ಗೆರೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಕೆಳಗೆ ಬಂದರೆ ಬಹುತೇಕ ಬೇರೆ ಪ್ರಭೇದ. ಮೇಲೆ ಬಂದರೆ ಒಂದೇ ಪ್ರಭೇದ ಅಂತ ಅರ್ಥವಲ್ಲ. ಆಂಥ್ರಾಕ್ಸ್ ತರುವ ಬ್ಯಾಸಿಲಸ್ ಆಂಥ್ರಾಸಿಸ್ ಮತ್ತು ಹಳಸಿದ ಆಹಾರದಲ್ಲಿ ಸಿಗುವ ಬ್ಯಾಸಿಲಸ್ ಸೀರಿಯಸ್ ಎರಡರ 16ಎಸ್ ಹೆಚ್ಚುಕಡಿಮೆ ಒಂದೇ. ಮನೆತನದ ಹೆಸರು ಗೊತ್ತಾದ ಮಾತ್ರಕ್ಕೆ ಮನುಷ್ಯ ಯಾರೆಂದು ಗೊತ್ತಾಗುವುದಿಲ್ಲ, ಅಲ್ವಾ? 16ಎಸ್ ಕೂಡ ಅಷ್ಟೇ. ಯಾವ ಕುಲದ ಹತ್ತಿರ ಹುಡುಕಬೇಕು ಅಂತ ಅದು ಹೇಳುತ್ತದೆ. ತೀರ್ಮಾನಕ್ಕೆ ಪೂರ್ತಿ ಜೀನೋಮ್ ಬೇಕು.

ಜೀನೋಮ್ ಓದಿಸಿದ ಮೇಲೆ ಎರಡು ಲೆಕ್ಕ ಮಾಡುತ್ತಾರೆ. ಒಂದು ಎಎನ್‌ಐ, ಅಂದರೆ ಎರಡು ಜೀನೋಮ್‌ಗಳ ಹೊಂದುವ ಭಾಗಗಳನ್ನು ಪಕ್ಕಪಕ್ಕ ಇಟ್ಟಾಗ ಬರುವ ಸರಾಸರಿ ಹೋಲಿಕೆ. ಇದು ಶೇ 95–96ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ. ಇನ್ನೊಂದು ಡಿಜಿಟಲ್ ಡಿಡಿಎಚ್, ಅಂದರೆ ಎರಡು ತಳಿಗಳ ಡಿಎನ್‌ಎ ಎಷ್ಟು ಕೂಡಿಕೊಳ್ಳುತ್ತದೆ ಅನ್ನುವುದರ ಕಂಪ್ಯೂಟರ್ ಅಂದಾಜು, ಅದರ ಗೆರೆ ಶೇ 70. ಈ ಲೆಕ್ಕ ಹತ್ತಿರದ ಒಂದೇ ಪ್ರಭೇದದ ಜೊತೆ ಮಾಡಿದರೆ ಸಾಲದು, ಆ ಕುಲದಲ್ಲಿ ನಿಮ್ಮದಕ್ಕೆ ಹತ್ತಿರ ಬರುವ ಎಲ್ಲ ಟೈಪ್ ಸ್ಟ್ರೇನ್‌ಗಳ ಜೊತೆಯೂ ಮಾಡಬೇಕು. ಅದರ ಜೊತೆಗೆ ಜೀನೋಮ್‌ನ ಒಳಗಿರುವ 16ಎಸ್ ಅನ್ನು ಹೊರತೆಗೆದು, ನೀವು ಮೊದಲು ಬೇರೆಯಾಗಿ ಓದಿಸಿದ 16ಎಸ್ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಟ್ಯೂಬ್ ಅದಲುಬದಲಾಗಿದೆ ಅಥವಾ ಕಲ್ಚರ್ ಕಲಬೆರಕೆಯಾಗಿದೆ. ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಬಹಳ ಜನ ಬಿಟ್ಟುಬಿಡುತ್ತಾರೆ.

ಇಷ್ಟಾದ ಮೇಲೆ ಜೀವಿಯ ಗುಣಲಕ್ಷಣ. ಗ್ರಾಮ್ ಬಣ್ಣ, ಆಕಾರ, ಚಲನೆ, ಯಾವ ಉಷ್ಣತೆಯಿಂದ ಯಾವ ಉಷ್ಣತೆಯವರೆಗೆ ಬೆಳೆಯುತ್ತದೆ, ಎಷ್ಟು ಉಪ್ಪು ಬೇಕು, ಎಷ್ಟು ಪಿಎಚ್ ತಡೆಯುತ್ತದೆ, ಯಾವ ಸಕ್ಕರೆ ಬಳಸುತ್ತದೆ. ಪೊರೆಯಲ್ಲಿರುವ ಕೊಬ್ಬಿನಾಮ್ಲಗಳು, ಪೋಲಾರ್ ಲಿಪಿಡ್‌ಗಳು, ಉಸಿರಾಟದ ಕ್ವಿನೋನ್‌ಗಳು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಿಮ್ಮ ತಳಿಯ ಕೊಬ್ಬಿನಾಮ್ಲದ ಅಂಕಿಗಳನ್ನು ಯಾರೋ ಹತ್ತು ವರ್ಷದ ಹಿಂದೆ ಪ್ರಕಟಿಸಿದ ಕೋಷ್ಟಕದ ಪಕ್ಕ ಇಟ್ಟು “ನೋಡಿ, ಬೇರೆ ಇದೆ” ಅನ್ನುವಂತಿಲ್ಲ. ಬ್ಯಾಕ್ಟೀರಿಯಾ ತನ್ನ ಪೊರೆಯ ಕೊಬ್ಬನ್ನು ಉಷ್ಣತೆಗೆ, ಆಹಾರಕ್ಕೆ, ವಯಸ್ಸಿಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ಒಂದೇ ತಳಿಯನ್ನು 20 ಡಿಗ್ರಿಯಲ್ಲಿ ಮತ್ತು 30 ಡಿಗ್ರಿಯಲ್ಲಿ ಬೆಳೆಸಿದರೂ ಅಂಕಿ ಬದಲಾಗುತ್ತದೆ. ಹಾಗಾಗಿ ಹತ್ತಿರದ ಟೈಪ್ ಸ್ಟ್ರೇನ್‌ಗಳನ್ನು ತರಿಸಿ, ನಿಮ್ಮದರ ಜೊತೆಯಲ್ಲೇ, ಅದೇ ಅಗರ್ ಮೇಲೆ, ಅದೇ ಉಷ್ಣತೆಯಲ್ಲಿ, ಅದೇ ಹಂತದವರೆಗೆ ಬೆಳೆಸಿ ಅಳೆಯಬೇಕು. ತರಿಸಲು ಸಮಯ ಹಿಡಿಯುತ್ತದೆ, ದುಡ್ಡೂ ಬೇಕು. ಆದರೂ ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ಹೊಸದು ಅನ್ನುವುದು ನಿಮ್ಮ ಬ್ಯಾಕ್ಟೀರಿಯಾದ ಒಳಗಿರುವ ಗುಣವಲ್ಲ, ಗೊತ್ತಿರುವ ಎಲ್ಲದರ ಪಕ್ಕ ನಿಲ್ಲಿಸಿ ನೋಡಿದಾಗ ಮಾತ್ರ ತಿಳಿಯುವ ಸಂಗತಿ. ಪಕ್ಕದಲ್ಲಿ ನಿಲ್ಲಿಸುವ ಕೆಲಸ ಸಡಿಲವಾದರೆ ಜೀನೋಮ್ ಎಷ್ಟೇ ಚೆನ್ನಾಗಿದ್ದರೂ ವಿವರಣೆ ಅರೆಬರೆಯಾಗುತ್ತದೆ.

ಪ್ರಶ್ನೆ: ಎಎನ್‌ಐ ಶೇ 95 ಇದ್ದರೆ ಒಂದು ಪ್ರಭೇದ, 94 ಇದ್ದರೆ ಇನ್ನೊಂದು. ಈ ಗೆರೆ ಎಳೆದವರು ಯಾರು? ಪ್ರಕೃತಿಯಲ್ಲಿ ನಿಜವಾಗಿಯೂ ಅಂಥ ಗೆರೆ ಇದೆಯಾ?

ಉತ್ತರ: ಎಳೆದವರು ಮನುಷ್ಯರೇ. ಬ್ಯಾಕ್ಟೀರಿಯಾದಲ್ಲಿ ಗಂಡು ಹೆಣ್ಣು ಕೂಡಿ ಮರಿ ಹಾಕುವುದಿಲ್ಲ, ಹಾಗಾಗಿ ಪ್ರಾಣಿಗಳಿಗೆ ಬಳಸುವ ಅಳತೆಗೋಲು ಇಲ್ಲಿ ಬರುವುದಿಲ್ಲ. ಮೊದಲು ಬಳಸಿದ್ದು ಡಿಎನ್‌ಎ ಬೆರೆಸುವ ವಿಧಾನ. ಎರಡು ತಳಿಗಳ ಡಿಎನ್‌ಎಯನ್ನು ಕಾಯಿಸಿ ಎಳೆಗಳನ್ನು ಬಿಡಿಸಿ, ಬೆರೆಸಿ, ತಣಿಸಿದಾಗ ಒಂದರ ಎಳೆ ಇನ್ನೊಂದರ ಎಳೆಯ ಜೊತೆ ಎಷ್ಟು ಕೂಡಿಕೊಳ್ಳುತ್ತದೆ ಅಂತ ಅಳೆಯುವುದು. 1987ರಲ್ಲಿ ಒಂದು ಅಂತರರಾಷ್ಟ್ರೀಯ ಸಮಿತಿ ಶೇ 70 ಅಥವಾ ಅದಕ್ಕಿಂತ ಹೆಚ್ಚು ಕೂಡಿಕೊಂಡರೆ ಒಂದೇ ಪ್ರಭೇದ ಎಂದು ಶಿಫಾರಸು ಮಾಡಿತು. ಪ್ರಯೋಗ ಕಷ್ಟದ್ದು, ಒಂದು ಲ್ಯಾಬಿನ ಅಂಕಿ ಇನ್ನೊಂದರ ಅಂಕಿಗೆ ಹೊಂದುತ್ತಿರಲಿಲ್ಲ. ಜೀನೋಮ್ ಓದುವುದು ಸುಲಭವಾದ ಮೇಲೆ, ಆ ಹಳೆಯ 70ಕ್ಕೆ ಸರಿಹೊಂದುವ ಎಎನ್‌ಐ ಎಷ್ಟು ಎಂದು ನೋಡಿದರೆ ಸುಮಾರು 95 ಅಂತ ಬಂತು. ಅಂದರೆ ಹೊಸ ಗೆರೆ ಹಳೆಯ ಗೆರೆಯ ಮೇಲೆಯೇ ಕೂತಿದೆ.

ಎರಡನೇ ಪ್ರಶ್ನೆಗೆ ಉತ್ತರ ಇನ್ನೂ ಸ್ವಾರಸ್ಯವಾಗಿದೆ. 2018ರಲ್ಲಿ ಸುಮಾರು 90 ಸಾವಿರ ಜೀನೋಮ್‌ಗಳನ್ನು ಒಂದರ ಜೊತೆ ಒಂದು ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಶೇ 95ಕ್ಕಿಂತ ಮೇಲೆ ಬೇಕಾದಷ್ಟು ಜೋಡಿಗಳು. ಶೇ 83ಕ್ಕಿಂತ ಕೆಳಗೂ ಬೇಕಾದಷ್ಟು. ನಡುವೆ ಮಾತ್ರ ಬಹಳ ಕಡಿಮೆ. ಅಂದರೆ ಗೆರೆ ಪೂರ್ತಿ ಕಲ್ಪನೆಯಲ್ಲ, ಪ್ರಕೃತಿಯಲ್ಲಿ ಒಂದು ಕಂದರದಂಥದ್ದು ಇರುವಂತೆ ಕಾಣುತ್ತದೆ. ಒಪ್ಪದವರೂ ಇದ್ದಾರೆ. ರೋಗ ತರುವ ಕೆಲವೇ ಬ್ಯಾಕ್ಟೀರಿಯಾಗಳ ಜೀನೋಮ್ ಸಾವಿರಗಟ್ಟಲೆ ಇದೆ, ಕಡಲ ಕೆಸರಿನವು ಬೆರಳೆಣಿಕೆಯಷ್ಟು ಇವೆ, ಎಲ್ಲ ಕಡೆಯಿಂದ ಸಮನಾಗಿ ಆರಿಸಿದರೆ ಕಂದರ ಹೀಗೇ ಉಳಿಯುತ್ತದಾ ಅಂತ ಅವರು ಕೇಳುತ್ತಾರೆ. ನನಗೆ ಇದು ನ್ಯಾಯವಾದ ಪ್ರಶ್ನೆ ಅನಿಸುತ್ತದೆ. ನಿಮ್ಮಂಥವರು ಕೆಸರಿನಿಂದ ಒಂದೊಂದೇ ತಳಿ ತೆಗೆದು ಸರಿಯಾಗಿ ವಿವರಿಸುತ್ತಾ ಹೋದರೆ ಮಾತ್ರ ಅದಕ್ಕೆ ಉತ್ತರ ಸಿಗುತ್ತದೆ.

ಗೆರೆ ಇದ್ದರೂ ಎಲ್ಲ ಹೆಸರುಗಳೂ ಅದನ್ನು ಪಾಲಿಸುವುದಿಲ್ಲ. ಆಮಶಂಕೆ ತರುವ ಶಿಗೆಲ್ಲಾ ಜೀನೋಮ್ ಲೆಕ್ಕದಲ್ಲಿ ಇ. ಕೋಲೈಯ ಒಳಗೇ ಬೀಳುತ್ತದೆ. ಆದರೂ ಬೇರೆ ಕುಲದ ಹೆಸರನ್ನೇ ಉಳಿಸಿಕೊಂಡಿದ್ದಾರೆ, ಯಾಕೆಂದರೆ ವೈದ್ಯರಿಗೆ ಆ ಹೆಸರು ಒಂದು ನಿರ್ದಿಷ್ಟ ಕಾಯಿಲೆಯನ್ನು ಸೂಚಿಸುತ್ತದೆ, ಬದಲಿಸಿದರೆ ಗೊಂದಲ.

ಪ್ರಶ್ನೆ: ಜೀನೋಮ್ ಇರುವ ಕಾಲದಲ್ಲಿ ಮೈಕ್ರೋಸ್ಕೋಪ್ ಇನ್ನೂ ಬೇಕಾ?

ಉತ್ತರ: ಬೇಕು. 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಕಡಲಂಚಿನ ಜೌಗಿನ ಕೆಸರನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಪ್ರತಿ ಸಲವೂ ಹನಿಯ ಒಂದೇ ಬದಿಗೆ ಈಜಿ ಗುಂಪಾಗುತ್ತಿದ್ದವು. ಬೆಳಕಿಗಾಗಿ ಅಲ್ಲ. ಅಯಸ್ಕಾಂತ ಹತ್ತಿರ ತಂದಾಗ ದಿಕ್ಕು ಬದಲಿಸಿದವು. ಒಳಗೆ ಕಬ್ಬಿಣದ ಸಣ್ಣ ಹರಳುಗಳ ಸಾಲು ಇತ್ತು. ಬರೀ ಡಿಎನ್‌ಎ ಅಕ್ಷರ ನೋಡಿ ಇದನ್ನು ಊಹಿಸಲು ಮೊದಲು ಯಾರಾದರೂ ಕಣ್ಣಾರೆ ನೋಡಿರಬೇಕಲ್ಲ. ಜೀವಂತ ಹನಿಯನ್ನು, ಬಣ್ಣ ಹಾಕದೆ, ಸಾವಧಾನವಾಗಿ ನೋಡುವ ಅಭ್ಯಾಸ ಬಿಡಬೇಡಿ.

ಪ್ರಶ್ನೆ: ನಮ್ಮ ಕೆಸರಿನ ಡಿಎನ್‌ಎ ಓದಿಸಿದರೆ ಸಾವಿರಾರು ಬಗೆ ಕಾಣುತ್ತದೆ. ಪ್ಲೇಟ್ ಮೇಲೆ ಬೆಳೆಯುವುದು ಮಾತ್ರ ಹತ್ತಾರು. ಉಳಿದವು ಎಲ್ಲಿ ಹೋದವು? ಬೆಳೆಯದ್ದಕ್ಕೆ ಹೆಸರಿಡಲು ಆಗುವುದಿಲ್ಲವಾ?

ಉತ್ತರ: ಎಲ್ಲೂ ಹೋಗಿಲ್ಲ. ನಾವು ಕೊಟ್ಟ ಊಟ, ನಾವು ಕೊಟ್ಟ ಗಾಳಿ ಅವಕ್ಕೆ ಹಿಡಿಸಿಲ್ಲ ಅಷ್ಟೆ. ಈ ವ್ಯತ್ಯಾಸವನ್ನು ಜೇಮ್ಸ್ ಸ್ಟೇಲಿ ಮತ್ತು ಅಲನ್ ಕೊನೋಪ್ಕಾ 1985ರಲ್ಲಿಯೇ ಎತ್ತಿ ತೋರಿಸಿದ್ದರು. ಮೈಕ್ರೋಸ್ಕೋಪಿನಲ್ಲಿ ಎಣಿಸಿದ ಜೀವಕೋಶಗಳಲ್ಲಿ ಪ್ಲೇಟ್ ಮೇಲೆ ಕಾಲೊನಿ ಆಗುವುದು ಎಷ್ಟೋ ಸಲ ಶೇ 1 ಕೂಡ ಇಲ್ಲ.

ಕಡಲತೀರದ ಕೆಸರನ್ನು ಅಗೆದರೆ ಮೇಲಿನ ಪದರ ಕಂದು, ಸ್ವಲ್ಪ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ನುಣುಪಾದ ಕೆಸರಿನಲ್ಲಿ ಆಮ್ಲಜನಕ ಇಳಿಯುವುದು ಮೇಲಿನ ಕೆಲವು ಮಿಲಿಮೀಟರ್ ಮಾತ್ರ. ಅದರ ಕೆಳಗಿನವು ಆಮ್ಲಜನಕದ ಬದಲು ಸಮುದ್ರದ ನೀರಿನ ಸಲ್ಫೇಟ್ ಬಳಸಿ ಉಸಿರಾಡುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಕಬ್ಬಿಣದ ಜೊತೆ ಸೇರಿ ಕೆಸರನ್ನು ಕಪ್ಪಾಗಿಸುತ್ತದೆ. ಮೇಜಿನ ಮೇಲೆ ಗಾಳಿಯಲ್ಲಿ ಇಟ್ಟ ಪ್ಲೇಟ್‌ನಲ್ಲಿ ಇವು ಬೆಳೆಯಲಿ ಅಂದರೆ ಹೇಗೆ ಬೆಳೆದಾವು? ಇವಕ್ಕೆ ಆಮ್ಲಜನಕವಿಲ್ಲದ ಪೆಟ್ಟಿಗೆ ಬೇಕು. ಇನ್ನು ಗಾಳಿ ಬೇಕಾದವುಗಳಲ್ಲೂ ಎಷ್ಟೋ ಬಡ ಆಹಾರಕ್ಕೆ ಒಗ್ಗಿದವು. ಎಲ್ಲರೂ ಬಳಸುವ ಮರೈನ್ ಅಗರ್ 2216 ಕ್ಲಾಡ್ ಝೋಬೆಲ್ 1941ರಲ್ಲಿ ಕೊಟ್ಟ ಸೂತ್ರ. ಒಳ್ಳೆಯದೇ, ಆದರೆ ಸಮುದ್ರಕ್ಕೆ ಹೋಲಿಸಿದರೆ ವಿಪರೀತ ಪುಷ್ಟಿ. ಬೇಗ ಬೆಳೆಯುವ ಕೆಲವೇ ಜಾತಿಗಳು ಎರಡು ದಿನದಲ್ಲಿ ಪ್ಲೇಟ್ ತುಂಬಿಬಿಡುತ್ತವೆ. ಅದನ್ನೇ ಹತ್ತು ಪಟ್ಟು ತೆಳುವಾಗಿಸಿ, ಪ್ಲೇಟ್‌ಗಳು ಒಣಗದ ಹಾಗೆ ಸುತ್ತಿ, ನಾಲ್ಕು ವಾರ ಎಂಟು ವಾರ ಕಾಯಿರಿ. ತಡವಾಗಿ ಕಾಣುವ ಸೂಜಿಮೊನೆಯಷ್ಟು ಕಾಲೊನಿಗಳನ್ನು ಆರಿಸಿ. ಹೊಸದು ಸಿಗುವುದು ಹೆಚ್ಚಾಗಿ ಅಲ್ಲೇ. ಎಸ್‌ಎಆರ್11 ಅನ್ನುವ ಗುಂಪು ಕಡಲ ನೀರಿನಲ್ಲಿ ಇದೆ ಅಂತ 1990ರಲ್ಲೇ ಡಿಎನ್‌ಎಯಿಂದ ಗೊತ್ತಾಗಿತ್ತು. ಅದನ್ನು ಲ್ಯಾಬಿನಲ್ಲಿ ಬೆಳೆಸಲು ಆಗಿದ್ದು 2002ರಲ್ಲಿ, ಅದೂ ಪುಷ್ಟಿಯ ಮಾಧ್ಯಮ ಬಿಟ್ಟು ಸಮುದ್ರದ ನೀರನ್ನೇ ಬಳಸಿದ ಮೇಲೆ.

ಹೆಸರಿನ ವಿಷಯ. ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ಜೀವಂತ ಶುದ್ಧ ಕಲ್ಚರ್ ಇಲ್ಲದಿದ್ದರೆ ಪೂರ್ಣ ಮಾನ್ಯತೆಯ ಹೆಸರಿಲ್ಲ. ಕ್ಯಾಂಡಿಡೇಟಸ್ ಅಂತ ಮುಂದೆ ಸೇರಿಸಿ ತಾತ್ಕಾಲಿಕ ಹೆಸರು ಕೊಡುತ್ತಾರೆ. ಇದರಿಂದ ಏನಾಗುತ್ತದೆ ನೋಡಿ. ಗ್ವಾಡೆಲೂಪ್ ದ್ವೀಪದ ಮ್ಯಾಂಗ್ರೋವ್ ಕಾಡಿನಲ್ಲಿ, ಮುಳುಗಿದ ಎಲೆಗಳ ಮೇಲೆ, ಬರಿಗಣ್ಣಿಗೆ ಬಿಳಿ ದಾರದ ಹಾಗೆ ಕಾಣುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಬ್ಯಾಕ್ಟೀರಿಯಾ ಸಿಕ್ಕಿತು. ಅದರ ವಿವರ 2022ರಲ್ಲಿ ಬಂತು, ಹೆಸರು ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ. ಬರಿಗಣ್ಣಿಗೆ ಕಾಣುವ ಒಂದೊಂದು ಎಳೆಯೂ ಒಂದೇ ಜೀವಕೋಶ! ಆದರೂ ಅದು ಕ್ಯಾಂಡಿಡೇಟಸ್ ಆಗಿಯೇ ಬಂತು, ಯಾಕೆಂದರೆ ಲ್ಯಾಬಿನಲ್ಲಿ ಬೆಳೆಸಲು ಆಗಿರಲಿಲ್ಲ. ಅದರ ನೆಂಟ ಥಿಯೋಮಾರ್ಗರಿಟಾ ನಮಿಬಿಯೆನ್ಸಿಸ್ ನಮೀಬಿಯಾದ ಕರಾವಳಿಯಾಚೆಯ ಕೆಸರಿನಲ್ಲಿ 1997ರಲ್ಲಿ ಸಿಕ್ಕಿತ್ತು, ಮುಕ್ಕಾಲು ಮಿಲಿಮೀಟರ್‌ವರೆಗೂ ಬೆಳೆಯುವ ದುಂಡನೆಯ ಕೋಶ.

ಇಂಥವುಗಳಿಗಾಗಿ 2022ರಲ್ಲಿಯೇ ಸೀಕ್‌ಕೋಡ್ ಅನ್ನುವ ಬೇರೊಂದು ನಿಯಮಾವಳಿ ಬಂದಿದೆ. ಅದರಲ್ಲಿ ಒಳ್ಳೆಯ ಗುಣಮಟ್ಟದ ಜೀನೋಮ್ ಅನ್ನೇ ಮಾದರಿ ಅಂತ ಇಟ್ಟು ಹೆಸರು ಕೊಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಅದು ಬೇಕಾಗಿತ್ತು. ಆದರೆ ಬೆಳೆಸಬಹುದಾದ ತಳಿಯನ್ನು ಬೆಳೆಸದೆ ಜೀನೋಮ್ ಒಂದನ್ನೇ ಇಟ್ಟು ಹೆಸರು ಪಡೆಯುವುದು ನನಗೆ ಸರಿ ಕಾಣುವುದಿಲ್ಲ. ಜೀನೋಮ್‌ಗೆ ಹೊಸ ಪ್ರಶ್ನೆ ಕೇಳಿದರೆ ಅದು ಊಹೆ ಕೊಡುತ್ತದೆ. ಜೀವಂತ ತಳಿಗೆ ಕೇಳಿದರೆ ಪ್ರಯೋಗ ಮಾಡಿ ನೋಡಬಹುದು.

ಪ್ರಶ್ನೆ: ಹೊಸ ತಳಿಯನ್ನು ಎರಡು ದೇಶಗಳ ಸಂಗ್ರಹದಲ್ಲಿ ಇಡಲೇಬೇಕಂತೆ. ನಮ್ಮ ಫ್ರೀಜರಿನಲ್ಲಿದ್ದರೆ ಸಾಲದಾ?

ಉತ್ತರ: ಸಾಲದು. ಫ್ರೀಜರ್ ಕೆಡುತ್ತದೆ, ಕರೆಂಟ್ ಹೋಗುತ್ತದೆ, ವಿದ್ಯಾರ್ಥಿ ಓದು ಮುಗಿಸಿ ಹೋಗುತ್ತಾನೆ, ಡಬ್ಬಿಯ ಮೇಲಿನ ಬರಹ ಅಳಿಸುತ್ತದೆ. ಆಮೇಲೆ ಆ ಹೆಸರಿನ ಹಿಂದೆ ಯಾವ ಜೀವಿಯೂ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಶಾಸ್ತ್ರಕ್ಕೆ ಇದರ ನೋವು ಚೆನ್ನಾಗಿ ಗೊತ್ತು. ಹಿಂದೆ ಹೆಸರುಗಳು ರಾಶಿ ಬಿದ್ದಿದ್ದವು, ಎಷ್ಟಕ್ಕೋ ತಳಿಯೇ ಇರಲಿಲ್ಲ. ಕೊನೆಗೆ 1980ರ ಜನವರಿ 1ರಂದು ಒಪ್ಪಿತ ಹೆಸರುಗಳ ಒಂದು ಪಟ್ಟಿ ಹೊರಡಿಸಿ, ಅದರಲ್ಲಿಲ್ಲದ ಹಳೆಯ ಹೆಸರುಗಳಿಗೆಲ್ಲ ಮಾನ್ಯತೆ ಇಲ್ಲ ಎಂದುಬಿಟ್ಟರು. ಈಗ ಜರ್ಮನಿಯ ಡಿಎಸ್‌ಎಂಝಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ, ಬೆಲ್ಜಿಯಂನ ಎಲ್‌ಎಂಜಿ, ಚಂಡೀಗಡದ ಎಂಟಿಸಿಸಿ ಥರದ ಸಂಗ್ರಹಗಳಲ್ಲಿ, ಕನಿಷ್ಠ ಎರಡು ದೇಶಗಳಲ್ಲಿ, ಯಾರು ಕೇಳಿದರೂ ಸಿಗುವ ಹಾಗೆ ಇಡಬೇಕು. ನೀವು ಹೇಳಿದ್ದನ್ನು ಬೇರೆಯವರು ಅದೇ ತಳಿ ತರಿಸಿಕೊಂಡು ಪರೀಕ್ಷಿಸಲು ಆಗಬೇಕು. ಹೊಸ ಪ್ರಭೇದ ಅನ್ನುವ ಮಾತಿಗೆ ಬೆಲೆ ಬರುವುದೇ ಅಲ್ಲಿಂದ.

ಆಮೇಲೆ ವಿವರಣೆ ಬ್ಯಾಕ್ಟೀರಿಯಾ ಹೆಸರುಗಳಿಗೆ ಮಾನ್ಯತೆ ಕೊಡುವ ಐಜೆಎಸ್‌ಇಎಂ ಪತ್ರಿಕೆಯಲ್ಲಿ ಬರಬೇಕು. ಬೇರೆ ಪತ್ರಿಕೆಯಲ್ಲಿ ಬಂದಿದ್ದರೆ ಐಜೆಎಸ್‌ಇಎಂನ ಮಾನ್ಯತಾ ಪಟ್ಟಿಗೆ ಸೇರಿಸಲು ಅರ್ಜಿ ಹಾಕಬೇಕು. ಇನ್ನೊಂದು, ತಳಿಯನ್ನು ಹೊರದೇಶಕ್ಕೆ ಕಳಿಸಲು ಮಾದರಿ ತೆಗೆದ ದೇಶದ ಜೀವವೈವಿಧ್ಯ ಕಾನೂನಿನ ಅನುಮತಿ ಬೇಕಾಗುತ್ತದೆ. 2014ರಲ್ಲಿ ಜೈವಿಕ ಸಂಪನ್ಮೂಲ ಬಳಕೆ ಮತ್ತು ಲಾಭ ಹಂಚಿಕೆ ಕುರಿತ ನಗೋಯಾ ಒಪ್ಪಂದ ಜಾರಿಗೆ ಬಂದ ಮೇಲೆ ಸಂಗ್ರಹಾಲಯಗಳೂ ಈ ಕಾಗದ ಕೇಳುತ್ತವೆ. ಕೆಸರು ತರುವ ಮೊದಲೇ ವಿಚಾರಿಸಿ. ಎಲ್ಲ ಮುಗಿದ ಮೇಲೆ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಬೇಡ.

ಪ್ರಶ್ನೆ: ಹೊಸ ಪ್ರಭೇದಕ್ಕೆ ನನ್ನ ಹೆಸರು ಇಡಬಹುದಾ? ಗುರುಗಳ ಹೆಸರು?

ಉತ್ತರ: ನಿಮ್ಮದು ಬೇಡ, ಅದು ಸಭ್ಯತೆಯಲ್ಲ. ಗುರುಗಳದು ಇಡಬಹುದು, ಅವರು ಈ ಕ್ಷೇತ್ರದಲ್ಲಿ ಕೆಲಸ ಮಾಡಿದ್ದರೆ. ಸಿಕ್ಕ ಜಾಗದ ಅಥವಾ ಗುಣದ ಹೆಸರು ಇಡುವುದು ಇನ್ನೂ ಒಳ್ಳೆಯದು. ಲ್ಯಾಟಿನ್ ವ್ಯಾಕರಣ ಬಲ್ಲವರಿಂದ ಒಮ್ಮೆ ತಿದ್ದಿಸಿ.

ಪ್ರಶ್ನೆ: ಇಷ್ಟೆಲ್ಲ ಶ್ರಮಪಟ್ಟು ಕೆಸರಿನ ಒಂದು ಬ್ಯಾಕ್ಟೀರಿಯಾಕ್ಕೆ ಹೆಸರಿಟ್ಟರೆ ಜನರಿಗೆ ಏನು ಉಪಯೋಗ?

ಉತ್ತರ: ಕೆಲವು ಸಲ ನೇರ ಉಪಯೋಗ ಇದೆ. ಸ್ಯಾಲಿನಿಸ್ಪೋರಾ ಅನ್ನುವ ಕುಲ ಕಡಲ ಕೆಸರಿನಿಂದಲೇ ಬಂದದ್ದು. ಬೆಳೆಯಲು ಅದಕ್ಕೆ ಸಮುದ್ರದ ನೀರು ಬೇಕು. ಸ್ಯಾಲಿನಿಸ್ಪೋರಾ ಟ್ರಾಪಿಕಾ ಮಾಡುವ ಸ್ಯಾಲಿನೋಸ್ಪೋರಮೈಡ್ ಎ ಎಂಬ ರಾಸಾಯನಿಕ ಕ್ಯಾನ್ಸರ್ ಔಷಧಿಯಾಗಿ ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಯಿತು. ಆದರೆ ಪ್ರತಿ ಹೊಸ ಪ್ರಭೇದದಲ್ಲೂ ಔಷಧಿ ಇದೆ ಅಂತ ನಾನು ಹೇಳುವುದಿಲ್ಲ. ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಕೆಸರಿನಲ್ಲಿ ಸತ್ತದ್ದನ್ನೆಲ್ಲ ಕರಗಿಸಿ ಇಂಗಾಲ, ಗಂಧಕ, ಸಾರಜನಕವನ್ನು ಮತ್ತೆ ಚಲಾವಣೆಗೆ ತರುವವು ಇವು. ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಅಂತ ತಿಳಿಯಬೇಕಾದರೆ ಒಬ್ಬೊಬ್ಬರನ್ನೂ ಗುರುತಿಸಲು ಬರಬೇಕು. ನೀವು ಒಂದು ತಳಿಯನ್ನು ಸರಿಯಾಗಿ ವಿವರಿಸಿಟ್ಟರೆ, ಮುಂದೆ ಎಣ್ಣೆ ಚೆಲ್ಲಿದ ದಡದಲ್ಲೋ ಮೀನುಸಾಕಣೆಯ ಕೊಳದಲ್ಲೋ ಅದೇ ಡಿಎನ್‌ಎ ಕಂಡವರಿಗೆ ಅದು ಏನು ತಿನ್ನುತ್ತದೆ, ಎಷ್ಟು ಉಪ್ಪು ತಡೆಯುತ್ತದೆ ಅಂತ ಆ ಕ್ಷಣವೇ ಗೊತ್ತಾಗುತ್ತದೆ. ನನಗೆ ಇದು ಬಹಳ ದೊಡ್ಡ ಉಪಯೋಗವಾಗಿ ಕಾಣುತ್ತದೆ.

ಪ್ರಶ್ನೆ: ಮೊದಲ ಸಲ ಕೆಸರು ತರಲು ಹೊರಟಿದ್ದೇನೆ. ಏನೇನು ಬರೆದಿಟ್ಟುಕೊಳ್ಳಬೇಕು?

ಉತ್ತರ: ಅಕ್ಷಾಂಶ ರೇಖಾಂಶ, ತಾರೀಕು, ಹೊತ್ತು, ಉಬ್ಬರವೋ ಇಳಿತವೋ, ನೀರಿನ ಉಪ್ಪಿನಂಶ, ಕೆಸರಿನ ಉಷ್ಣತೆ, ಪಿಎಚ್, ಎಷ್ಟು ಆಳದಿಂದ ತೆಗೆದಿರಿ, ಬಣ್ಣ, ವಾಸನೆ. ಆಳವನ್ನು ಮಾತ್ರ ಮರೆಯಲೇಬೇಡಿ, ಎರಡು ಸೆಂಟಿಮೀಟರ್ ವ್ಯತ್ಯಾಸದಲ್ಲಿ ಅಲ್ಲಿನ ನಿವಾಸಿಗಳೇ ಬೇರೆ. ಕ್ರಿಮಿಶುದ್ಧ ಕೊಳವೆಯಲ್ಲಿ ತೆಗೆಯಿರಿ, ಕೆಳಗಿನ ಕಪ್ಪು ಪದರ ಬೇಕಿದ್ದರೆ ಗಾಳಿ ಉಳಿಯದ ಹಾಗೆ ಬಾಯಿವರೆಗೂ ತುಂಬಿ ಮುಚ್ಚಿ. ತಂಪಾಗಿ ತನ್ನಿ, ಹೆಪ್ಪುಗಟ್ಟಿಸಬೇಡಿ. ಡಿಎನ್‌ಎಗೆ ಅಂತ ಒಂದು ಪಾಲನ್ನು ಬೇರೆ ಮಾಡಿ ಅದನ್ನು ಮಾತ್ರ ಹೆಪ್ಪುಗಟ್ಟಿಸಿ, ಉಳಿದದ್ದನ್ನು ಸಾಧ್ಯವಾದರೆ ಅದೇ ದಿನ ಪ್ಲೇಟ್‌ಗೆ ಹಾಕಿ.